ಎಂಟು ಸಾವಿರದ ಸೀಟು, ಎಂಟು ರೂಪಾಯಿಯ ಊಟ

ನನಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ 2018ರಲ್ಲಿ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟು ಸಿಕ್ಕಿ ಖಾಸಗಿ ಶಾಲೆಯ ಎಲ್‌ಕೆಜಿಗೆ ಸೇರಿದಳು. ಚಿಕ್ಕವನ ಹೊತ್ತಿಗೆ ನಿಯಮವೇ ಬದಲಾಗಿತ್ತು, ಅವನು ಅಂಗನವಾಡಿಯಲ್ಲಿ ಬೆಳೆದ. ಇಬ್ಬರಿಗೂ ದುಡ್ಡು ಹಾಕಿದ್ದು ಸರ್ಕಾರವೇ. ಆದರೆ ಆ ದುಡ್ಡು ನಮ್ಮ ಮನೆ ಬಾಗಿಲಿಗೆ ಬಂದ ದಾರಿ ಇದೆಯಲ್ಲ, ಒಂದಕ್ಕೊಂದು ಸಂಬಂಧವೇ ಇಲ್ಲ. ಗಾರ್ಮೆಂಟ್ಸಿನಲ್ಲಿ ನನ್ನ ಲೈನಿನ ಹುಡುಗಿಯರು ಪ್ರತಿ ವರ್ಷ ಜನವರಿ ಬಂತೆಂದರೆ "ಅಕ್ಕಾ, ಆರ್‌ಟಿಇಗೆ ಹಾಕೋದಾ, ಅಂಗನವಾಡಿಗೆ ಬಿಡೋದಾ?" ಅಂತ ಶುರು ಮಾಡುತ್ತಾರೆ. ಊಟದ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯಲು ಕೂತೆ.

ನಮ್ಮದು ಮೈಸೂರು ಜಿಲ್ಲೆ, ತಿ. ನರಸೀಪುರ ತಾಲ್ಲೂಕು. ಮದುವೆಯಾದ ಮೇಲೆ ಬೆಂಗಳೂರಿಗೆ ಬಂದೆವು. ನಮ್ಮೆಜಮಾನರು ಗೂಡ್ಸ್ ಗಾಡಿ ಓಡಿಸುತ್ತಾರೆ, ನಾನು ಪೀಣ್ಯದ ಕಡೆ ಒಂದು ಫ್ಯಾಕ್ಟರಿಯಲ್ಲಿ ಮೊದಲು ಟೈಲರ್ ಆಗಿದ್ದೆ, ಈಗ ಚೆಕ್ಕಿಂಗ್‌ನಲ್ಲಿದ್ದೇನೆ. ಬಾಡಿಗೆ ಮನೆ, ಒಂದು ರೂಮು, ಒಂದು ಅಡುಗೆಮನೆ. ಮಗಳು ಹುಟ್ಟಿದಾಗ ಬಾಣಂತನ ಮುಗಿಸಿಕೊಂಡು ಅವಳನ್ನು ಅಮ್ಮನ ಹತ್ತಿರವೇ ಬಿಟ್ಟು ಬಂದಿದ್ದೆ. ನಮ್ಮ ಫ್ಯಾಕ್ಟರಿಯ ಅರ್ಧಕ್ಕರ್ಧ ತಾಯಂದಿರು ಮಾಡುವುದು ಇದನ್ನೇ. ಹಬ್ಬಕ್ಕೆ ಹೋದಾಗ ಮಗು ನಮ್ಮನ್ನು ನೋಡಿ ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಳ್ಳುತ್ತದೆ. ನಾಲ್ಕು ವರ್ಷ ತುಂಬುವ ಹೊತ್ತಿಗೆ ಇನ್ನು ಸಾಕು, ಕರೆದುಕೊಂಡು ಬರೋಣ, ಇಲ್ಲೇ ಸ್ಕೂಲಿಗೆ ಸೇರಿಸೋಣ ಅಂತ ತೀರ್ಮಾನ ಮಾಡಿದೆವು. ನಮ್ಮ ಬೀದಿಯ ಖಾಸಗಿ ಶಾಲೆಯಲ್ಲಿ ಎಲ್‌ಕೆಜಿಗೆ ಕೇಳಿದ ಡೊನೇಷನ್ ಕೇಳಿಯೇ ವಾಪಸ್ ಬಂದೆವು. ಆಗ ಯಾರೋ ಹೇಳಿದರು, ಆರ್‌ಟಿಇಗೆ ಹಾಕಿ ಅಂತ.

ಗೊತ್ತಿಲ್ಲದವರಿಗೆ ಎರಡು ಮಾತು. ಶಿಕ್ಷಣ ಹಕ್ಕು ಕಾಯ್ದೆ ಆಗಿದ್ದು 2009ರಲ್ಲಿ. ಖಾಸಗಿ ಶಾಲೆಗಳು ನೂರಕ್ಕೆ ಇಪ್ಪತ್ತೈದು ಸೀಟು ಬಡವರ, ಹಿಂದುಳಿದವರ ಮಕ್ಕಳಿಗೆ ಕೊಡಬೇಕು, ಆ ಮಕ್ಕಳ ಫೀಸನ್ನು ಸರ್ಕಾರ ಶಾಲೆಗೆ ಕಟ್ಟಿಕೊಡುತ್ತದೆ. ಕಾಯ್ದೆ ಆರು ವರ್ಷದಿಂದ ಹದಿನಾಲ್ಕರವರೆಗಿನ ಮಕ್ಕಳದು. ಆದರೆ ಆ ಶಾಲೆಯಲ್ಲಿ ಎಲ್‌ಕೆಜಿ ಇದ್ದರೆ ಅಲ್ಲಿಂದಲೇ ಸೀಟು ಕೊಡಬೇಕು ಅಂತಲೂ ಅದರಲ್ಲೇ ಇದೆ. ಕರ್ನಾಟಕದಲ್ಲಿ ಇದು 2012-13ರಿಂದ ಜಾರಿಗೆ ಬಂತು. ಸರ್ಕಾರ ಒಂದು ಮಗುವಿಗೆ ವರ್ಷಕ್ಕೆ ಕೊಡುವುದು ಒಂದನೇ ತರಗತಿಯಿಂದ ಮೇಲಕ್ಕೆ ಹೆಚ್ಚೆಂದರೆ 16,000 ರೂಪಾಯಿ, ಎಲ್‌ಕೆಜಿ ಯುಕೆಜಿಗೆ 8,000. ಈ ಎಂಟು ಸಾವಿರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅರ್ಜಿ ಆನ್‌ಲೈನು. ಫೆಬ್ರವರಿ ಕೊನೆಗೆ ಶುರುವಾಗುತ್ತದೆ ಅಂತ ಪೇಪರಿನಲ್ಲಿ ಬಂದಿತ್ತು. ನಾವು ಓಡಾಡಲು ಶುರು ಮಾಡಿದ್ದು ಹಿಂದಿನ ದಸರಾಕ್ಕೇ. ಯಾಕೆ ಅಂದರೆ ಆರ್‌ಟಿಇಯಲ್ಲಿ ಎಲ್ಲಕ್ಕಿಂತ ಮೊದಲು ನೋಡುವುದು ಮಗು ಯಾವ ಕಡೆಯದು ಅಂತ. ಹಳ್ಳಿಯಾದರೆ ಊರಿನ ಗಡಿ, ಬೆಂಗಳೂರಾದರೆ ವಾರ್ಡು. ವಾರ್ಡು ಗೊತ್ತಾಗುವುದು ಆಧಾರ್ ವಿಳಾಸದಿಂದ. ನಮ್ಮ ಆಧಾರ್ ಎಲ್ಲ ಊರಿನ ವಿಳಾಸದ್ದು. ಬೆಂಗಳೂರಿನಲ್ಲಿ ಇಷ್ಟು ವರ್ಷ ಬಟ್ಟೆ ಹೊಲಿದರೂ ಸರ್ಕಾರದ ಲೆಕ್ಕದಲ್ಲಿ ನಾನು ಇನ್ನೂ ಕಾವೇರಿ ದಡದಲ್ಲೇ ಇದ್ದೆ.

ವಿಳಾಸ ಬದಲಾಯಿಸಬೇಕು ಅಂದರೆ ಬೆಂಗಳೂರಿನ ವಿಳಾಸಕ್ಕೆ ಒಂದು ದಾಖಲೆ ಬೇಕು. ಕರೆಂಟ್ ಬಿಲ್ಲು ಓನರ್ ಹೆಸರಿನಲ್ಲಿ, ಗ್ಯಾಸು ಬ್ಲ್ಯಾಕಿನಲ್ಲಿ ತೆಗೆದುಕೊಳ್ಳುವ ಚಿಕ್ಕ ಸಿಲಿಂಡರು, ರೇಷನ್ ಕಾರ್ಡು ಊರಿನದು. ಬಾಡಿಗೆ ಅಗ್ರಿಮೆಂಟ್ ಮಾಡಿಕೊಡಿ ಅಂತ ಓನರ್ ಆಂಟಿಯನ್ನು ಕೇಳಿದೆ.

"ಅಗ್ರಿಮೆಂಟ್ ಗಿಗ್ರಿಮೆಂಟ್ ಎಲ್ಲ ಬ್ಯಾಡ ಕಣಮ್ಮ. ನಾಳೆ ನೀನು ಮನೆ ನಂದೇ ಅಂದ್ರೆ?"

"ಆಂಟಿ, ಮಗು ಸ್ಕೂಲಿಗೆ ಕೇಳ್ತಾವ್ರೆ."

"ಸ್ಕೂಲಿಗೆ ಮಗೂನ ಕಳ್ಸು, ಮನೆ ಯಾಕೆ ಕಳಿಸ್ತೀಯ?"

ನಗು ಬಂತು, ಆದರೆ ಕೆಲಸ ಆಗಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಕಾರ್ಪೊರೇಟರ್ ಕಚೇರಿಯಲ್ಲಿ. ಲೆಟರ್‌ಹೆಡ್ಡಿನ ಮೇಲೆ ಫೋಟೊ ಅಂಟಿಸಿ, ಅರ್ಧ ಫೋಟೊ ಅರ್ಧ ಕಾಗದದ ಮೇಲೆ ಬೀಳುವ ಹಾಗೆ ಸೀಲು ಹಾಕಿ, ಇವರು ನಮ್ಮ ವಾರ್ಡಿನಲ್ಲಿ ವಾಸವಿದ್ದಾರೆ ಅಂತ ಆಗ ಬರೆದುಕೊಡುತ್ತಿದ್ದರು. ಅದನ್ನು ಹಿಡಿದುಕೊಂಡು ಬೆಂಗಳೂರು ಒನ್‌ನಲ್ಲಿ ಮೊದಲು ನನ್ನ ವಿಳಾಸ ಬದಲಾಯಿಸಿದೆ. ಅದು ಆಗುವವರೆಗೆ ಮಗಳದ್ದು ಮಾಡಿಸುವ ಹಾಗಿಲ್ಲ, ಯಾಕೆ ಅಂದರೆ ಐದು ವರ್ಷದೊಳಗಿನ ಮಗುವಿನ ನೀಲಿ ಆಧಾರಿಗೆ ಬೆರಳಚ್ಚು ಇರುವುದಿಲ್ಲ, ತಾಯಿ ಅಥವಾ ತಂದೆಯ ಆಧಾರಿಗೇ ಅದನ್ನು ಕಟ್ಟಿರುತ್ತಾರೆ. ಒಂದೊಂದು ಓಡಾಟಕ್ಕೂ ಅರ್ಧ ದಿನದ ಸಂಬಳ ಹೋಗುತ್ತಿತ್ತು. ಫ್ರೀ ಸೀಟಿನ ಮೊದಲ ಫೀಸು ಇದೇ.

ಇದರ ಮಧ್ಯೆ ಜನನ ಪ್ರಮಾಣಪತ್ರ ತೆಗೆದು ನೋಡಿದರೆ ಅದರಲ್ಲಿ ಮಗಳ ಹೆಸರೇ ಇಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ನೋಂದಣಿ ಮಾಡುವಾಗ ಇನ್ನೂ ನಾಮಕರಣ ಆಗಿರುವುದಿಲ್ಲವಲ್ಲ, ಬರೀ ಹೆಣ್ಣು, ತಂದೆ ಇಂಥವರು, ತಾಯಿ ಇಂಥವರು ಅಂತ ಇರುತ್ತದೆ. ಹೆಸರು ಆಮೇಲೆ ಸೇರಿಸಬಹುದು. ಒಂದು ವರ್ಷದೊಳಗಾದರೆ ದುಡ್ಡಿಲ್ಲ, ಆಮೇಲಾದರೆ ಸಣ್ಣ ಫೀಸು. ಈ ವಿಷಯ ಹೆರಿಗೆ ವಾರ್ಡಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದರೆ ಎಷ್ಟು ತಾಯಂದಿರ ಬಸ್ ಚಾರ್ಜು ಉಳಿಯುತ್ತದೋ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ಊರಿನ ನಾಡಕಚೇರಿಯಲ್ಲಿ ಬೇಗ ಆಯಿತು. ಅರ್ಜಿ ಕೊಟ್ಟರೆ ಗ್ರಾಮ ಲೆಕ್ಕಿಗರು ವರದಿ ಕೊಡುತ್ತಾರೆ, ಮೊಬೈಲಿಗೆ ಮೆಸೇಜು ಬರುತ್ತದೆ. ಆರ್‌ಡಿ ನಂಬರ್ ಅಂತ ಒಂದು ಉದ್ದದ ಸಂಖ್ಯೆ ಇರುತ್ತದೆ ನೋಡಿ, ಆರ್‌ಟಿಇ ಅರ್ಜಿಗೆ ಕಾಗದಕ್ಕಿಂತ ಮುಖ್ಯ ಅದು. ಸಾಮಾನ್ಯವಾಗಿ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ನಮ್ಮದು ಅದರ ಹತ್ತಿರಕ್ಕೂ ಹೋಗುತ್ತಿರಲಿಲ್ಲ, ನನ್ನ ಕೈಗೆ ಆಗ ಬರುತ್ತಿದ್ದದ್ದು ತಿಂಗಳಿಗೆ ಎಂಟು ಸಾವಿರ ಚಿಲ್ಲರೆ. ಹಳ್ಳಿ ಕಡೆಯ ಆದಾಯ ಪ್ರಮಾಣಪತ್ರಗಳನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಬರೆದ ವರ್ಷದ ಆದಾಯದಲ್ಲಿ ಬೆಂಗಳೂರಿನಲ್ಲಿ ಮೂರು ತಿಂಗಳ ಬಾಡಿಗೆ ಕಟ್ಟಲೂ ಆಗುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸುಳ್ಳು, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಅರ್ಜಿ ಹಾಕಿಸಿದ್ದು ನಮ್ಮ ಏರಿಯಾದ ಸೈಬರ್ ಸೆಂಟರಿನಲ್ಲಿ. ಹಗಲು ಸರ್ವರ್ ಸಿಗುವುದಿಲ್ಲ, ರಾತ್ರಿ ಎಂಟರ ಮೇಲೆ ಬನ್ನಿ ಅಂದ. ಹೋದರೆ ಅಂಗಡಿ ತುಂಬ ಜನ, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಅದರೊಳಗೆ ಅದೇ ಕಾಗದಗಳು. ಹುಡುಗ ಒಳ್ಳೆಯವನೇ, ಚುರುಕಾಗಿದ್ದ. ಆದರೆ ಅರ್ಜಿಯಲ್ಲಿ ವಿಶೇಷ ವರ್ಗ ಅಂತ ಒಂದು ಕಾಲಂ ಬರುತ್ತದೆ. ಆ ಮಕ್ಕಳಿಗೆ ಮೊದಲ ಆದ್ಯತೆ. ಅವನು ಎಲ್ಲರೆದುರೇ ಜೋರಾಗಿ ಒಂದೊಂದಾಗಿ ಓದಿ ಕೇಳುತ್ತಿದ್ದ. "ಅನಾಥ ಮಗುನಾ? ಅಂಗವಿಕಲನಾ? ಎಚ್‌ಐವಿ ಇದೆಯಾ? ವಲಸೆ, ಬೀದಿ ಮಗುನಾ? ಅಪ್ಪ ರೈತ, ಆತ್ಮಹತ್ಯೆನಾ?" ಎಲ್ಲದಕ್ಕೂ ಇಲ್ಲ ಇಲ್ಲ ಅಂದೆ. ನನ್ನ ಹಿಂದೆ ಪಾಳಿಯಲ್ಲಿದ್ದ ಹೆಂಗಸು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದವಳು, "ಅಣ್ಣಾ, ನಂದು ಕೊನೇಲಿ ಹಾಕು" ಅಂತ ಹೇಳಿ ಹೊರಗೆ ಹೋಗಿ ನಿಂತಳು. ನಾವು ಮುಗಿಸಿಕೊಂಡು ಹೊರಟಾಗಲೂ ಅಲ್ಲೇ ಎದುರಿನ ಬೇಕರಿ ಹತ್ತಿರ ನಿಂತಿದ್ದಳು, ಅಂಗಡಿ ಖಾಲಿ ಆಗಲಿ ಅಂತ. ಆದ್ಯತೆ ಕೊಡುವವರು ಅದನ್ನು ಕೇಳುವ ಜಾಗದ ಬಗ್ಗೆಯೂ ಸ್ವಲ್ಪ ಯೋಚನೆ ಮಾಡಬೇಕಿತ್ತು.

ಪಿನ್‌ಕೋಡು, ವಾರ್ಡು ಹಾಕಿದ ಮೇಲೆ ಶಾಲೆಗಳ ಪಟ್ಟಿ ತೆರೆದುಕೊಂಡಿತು. ನಮಗೆ ಹತ್ತಿರವಾದ, ಮಗಳು ನಡೆದೇ ಹೋಗಬಹುದಾದ ಒಂದು ಒಳ್ಳೆಯ ಶಾಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಮುಖ್ಯರಸ್ತೆ ದಾಟಿದರೆ ಬೇರೆ ವಾರ್ಡಂತೆ. ಅದರ ಬದಲು ನಮ್ಮ ವಾರ್ಡಿನ ಇನ್ನೊಂದು ತುದಿಯ ಶಾಲೆ ಇತ್ತು. ಇಷ್ಟದ ಕ್ರಮದಲ್ಲಿ ಆರಿಸಿಕೊಟ್ಟೆವು, ಅವನು ಒತ್ತಿದ, ಪ್ರಿಂಟ್ ಕೊಟ್ಟ.

ಆಮೇಲೆ ಲಾಟರಿ. ಇಪ್ಪತ್ತೈದರಲ್ಲಿ ಪರಿಶಿಷ್ಟ ಜಾತಿಗೆ ಏಳೂವರೆ, ಪರಿಶಿಷ್ಟ ಪಂಗಡಕ್ಕೆ ಒಂದೂವರೆ, ಉಳಿದ ಹದಿನಾರು ನಮ್ಮಂಥ ಉಳಿದವರಿಗೆ. ಆ ಹದಿನಾರಕ್ಕೇ ನೂಕುನುಗ್ಗಲು. ಕಂಪ್ಯೂಟರು ಎತ್ತುತ್ತದೆ, ಅದರಲ್ಲಿ ಯಾರ ಕೈವಾಡವೂ ಇರುವುದಿಲ್ಲ ಅಂದರು. ಆದರೂ "ಇಷ್ಟು ಕೊಟ್ಟರೆ ಸೀಟು ಮಾಡಿಸ್ತೀನಿ" ಅಂತ ಒಬ್ಬ ನಮ್ಮ ಬೀದಿಯಲ್ಲಿ ಓಡಾಡಿದ. ಲಾಟರಿಯಲ್ಲಿ ಹೆಸರು ಬಂದರೆ ನನ್ನಿಂದ ಬಂತು ಅನ್ನುವುದು, ಬರದಿದ್ದರೆ ದುಡ್ಡು ವಾಪಸ್ ಕೊಡುವುದು, ಅಷ್ಟೇ ಅವನ ವ್ಯಾಪಾರ. ಏನೂ ಮಾಡದೆ ಸಂಪಾದನೆ. ಮೊದಲ ಸುತ್ತಿನಲ್ಲಿ ಮಗಳ ಹೆಸರಿರಲಿಲ್ಲ. ಮುಂದಿನ ಸುತ್ತಿನ ಮೆಸೇಜು ಬಂದಾಗ ನಾನು ಮೆಷಿನ್ ಮೇಲೆ ಇದ್ದೆ, ಫೋನು ಲಾಕರಿನಲ್ಲಿತ್ತು. ಸಂಜೆ ಗೇಟಿನ ಹೊರಗೆ ಬಂದು ನೋಡಿ ಅಲ್ಲೇ ಕಿರುಚಿದೆ. ವಾರ್ಡಿನ ತುದಿಯ ಶಾಲೆಯೇ ಬಂದಿತ್ತು.

ಶಾಲೆಯ ಕಚೇರಿಯಲ್ಲಿ ಒರಿಜಿನಲ್ ಎಲ್ಲ ನೋಡಿದರು, ಮಗಳನ್ನು ಮಾತಾಡಿಸಿದರು, ಮರ್ಯಾದೆಯಾಗೇ ನಡೆಸಿಕೊಂಡರು. ಕೊನೆಗೆ ಒಂದು ಚೀಟಿ ಕೊಟ್ಟರು. ಪುಸ್ತಕ, ನೋಟ್‌ಬುಕ್ಕು, ಶೂ, ಟೈ, ಬೆಲ್ಟು, ಐಡಿ ಕಾರ್ಡು, ಆಮೇಲೆ ಸ್ಮಾರ್ಟ್ ಕ್ಲಾಸ್ ಅಂತ ಒಂದು ಸಾಲು. ಕೂಡಿದರೆ ನನ್ನ ಒಂದು ತಿಂಗಳ ಸಂಬಳ ದಾಟುತ್ತಿತ್ತು.

"ಸಾರ್, ಫೀಸು ಸರ್ಕಾರ ಕೊಡುತ್ತಲ್ಲ?"

"ಅದು ಟ್ಯೂಷನ್ ಫೀಸಮ್ಮ. ಇದು ಬೇರೆ. ಆ ದುಡ್ಡು ಸರ್ಕಾರದಿಂದ ನಮಗೆ ಬರೋದು ಯಾವಾಗ ಗೊತ್ತಾ? ಎರಡು ಕಂತು, ಎರಡೂ ಲೇಟು."

ಶಾಲೆಯವರ ಮಾತಿನಲ್ಲೂ ಸತ್ಯ ಇತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಸರ್ಕಾರ ತಡ ಮಾಡಿದರೆ ಅದನ್ನು ನನ್ನ ಕೈಯಿಂದ ತುಂಬಿಸಿಕೊಳ್ಳುವುದು ಯಾವ ನ್ಯಾಯ? ನಮ್ಮೆಜಮಾನರು ಸಾಮಾನ್ಯವಾಗಿ ಜಗಳಕ್ಕೆ ಹೋಗುವವರಲ್ಲ. ಅವತ್ತು ಒಂದೇ ಮಾತು ಹೇಳಿದರು: "ರಶೀದಿ ಕೊಡಿ ಸಾರ್, ಈಗಲೇ ಕಟ್ಟುತ್ತೀನಿ." ರಶೀದಿ ಕೊಡಲು ಅವರು ತಯಾರಿರಲಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ ಬರೆದುಕೊಟ್ಟೆವು, ಅಲ್ಲಿಂದ ಒಂದು ಫೋನು ಹೋಯಿತು, ಸ್ಮಾರ್ಟ್ ಕ್ಲಾಸಿನ ಸಾಲು ಮಾಯವಾಯಿತು. ಶೂ, ನೋಟ್‌ಬುಕ್ಕಿನ ದುಡ್ಡು ಕೊಟ್ಟೆವು. ಮಗು ಅಲ್ಲೇ ಓದಬೇಕಲ್ಲ, ಎಷ್ಟು ಅಂತ ಎಳೆದಾಡುವುದು. ಈಗಲೂ ನನ್ನನ್ನು ಕೇಳುವವರಿಗೆ ನಾನು ಹೇಳುವುದು ಅದನ್ನೇ: ಜಗಳ ಬೇಡ, ರಶೀದಿ ಕೇಳಿ.

ಶಾಲೆ ಶುರುವಾಯಿತು. ಕಷ್ಟ ಮುಗಿಯಿತು ಅಂದುಕೊಂಡೆವು. ಎಲ್‌ಕೆಜಿ ಬೆಳಿಗ್ಗೆ ಒಂಬತ್ತಕ್ಕೆ, ಬಿಡುವುದು ಹನ್ನೆರಡೂವರೆಗೆ. ನನ್ನ ಶಿಫ್ಟು ಒಂಬತ್ತರಿಂದ ಐದೂವರೆ, ಟಾರ್ಗೆಟ್ ಮುಗಿಯದಿದ್ದರೆ ಇನ್ನೂ ಮೇಲೆ. ನಮ್ಮೆಜಮಾನರ ಗಾಡಿ ಹನ್ನೆರಡೂವರೆಗೆ ಎಲ್ಲಿರುತ್ತದೋ, ನೆಲಮಂಗಲದಲ್ಲೋ ಹೊಸಕೋಟೆಯಲ್ಲೋ. ಮಗಳನ್ನು ಕರೆದುಕೊಂಡು ಬರುವವರು ಯಾರು, ಬಂದ ಮೇಲೆ ಸಂಜೆಯವರೆಗೆ ನೋಡಿಕೊಳ್ಳುವವರು ಯಾರು? ಅರ್ಜಿಯಲ್ಲಿ ಅಷ್ಟೊಂದು ಕಾಲಂ ಇತ್ತು, ತಾಯಿ ಎಷ್ಟು ಗಂಟೆಗೆ ಮನೆಗೆ ಬರುತ್ತಾಳೆ ಅನ್ನುವ ಕಾಲಂ ಮಾತ್ರ ಇರಲಿಲ್ಲ.

ಪಕ್ಕದ ವಠಾರದಲ್ಲಿ ಒಬ್ಬರು ಅಕ್ಕ ಇದ್ದರು. ನಾಲ್ಕೈದು ಮಕ್ಕಳನ್ನು ಕರೆತಂದು, ಊಟ ಹಾಕಿ, ಟಿವಿ ಮುಂದೆ ಕೂರಿಸಿ, ಸಂಜೆ ನಾವು ಬರುವವರೆಗೆ ನೋಡಿಕೊಳ್ಳುತ್ತಿದ್ದರು. ತಿಂಗಳಿಗೆ ಸಾವಿರದ ಐನೂರು. ಓಟಿ ಇದ್ದ ದಿನ ಮೇಲೆ ಇಪ್ಪತ್ತು ರೂಪಾಯಿ. ಅವರನ್ನು ದೂರುವುದಿಲ್ಲ, ಅವರಿಲ್ಲದಿದ್ದರೆ ನಾನು ಕೆಲಸ ಬಿಡಬೇಕಿತ್ತು. ಆದರೆ ಲೆಕ್ಕ ಹಾಕಿ ನೋಡಿ. ನನ್ನ ಮಗಳ ಎಲ್‌ಕೆಜಿಗೆ ಸರ್ಕಾರ ಶಾಲೆಗೆ ಕೊಡುವುದು ವರ್ಷಕ್ಕೆ ಎಂಟು ಸಾವಿರ. ಆ ಎಂಟು ಸಾವಿರದ ಸೀಟನ್ನು ಉಳಿಸಿಕೊಳ್ಳಲು ನಾನು ಅಕ್ಕನಿಗೆ ಕೊಟ್ಟಿದ್ದು ವರ್ಷಕ್ಕೆ ಹದಿನೆಂಟು ಸಾವಿರ.

ಫ್ಯಾಕ್ಟರಿಯಲ್ಲಿ ಕ್ರೆಷ್ ಇರಲಿಲ್ಲವಾ ಅಂತ ಕೇಳುತ್ತೀರಿ. ಇತ್ತು. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕ್ರೆಷ್ ಇರಲೇಬೇಕು ಅಂತ ಆಗ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ನಮ್ಮಲ್ಲಿ ಒಂದು ರೂಮು, ಎರಡು ತೊಟ್ಟಿಲು, ಗೋಡೆ ಮೇಲೆ ಮಿಕ್ಕಿ ಮೌಸು, ಒಬ್ಬರು ಆಯಾ. ನಮ್ಮ ಬಟ್ಟೆ ಕೊಳ್ಳುವ ಕಂಪನಿಯ (ಬಯ್ಯರ್) ಕಡೆಯವರು ಆಡಿಟ್‌ಗೆ ಬಂದಾಗ ಫಿನಾಯಿಲ್ ಹಾಕಿ ತೊಳೆಯುತ್ತಿದ್ದರು. ಮಕ್ಕಳು ಮಾತ್ರ ಮೂರೋ ನಾಲ್ಕೋ. ಬೆಳಿಗ್ಗೆ ಎಂಟೂವರೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದೆ ನೇತಾಡಿಕೊಂಡು ಬರುವವಳು ಕೈಯಲ್ಲಿ ಕೂಸನ್ನು ಹಿಡಿದು ಹೇಗೆ ಬರುತ್ತಾಳೆ? ಸ್ಕೂಲಿಗೆ ಹೋಗುವ ಮಗುವನ್ನಂತೂ ಮಧ್ಯಾಹ್ನ ಅಲ್ಲಿಗೆ ತಂದು ಬಿಡುವವರೇ ಇಲ್ಲ. ಮಕ್ಕಳು ಬರುವುದಿಲ್ಲ ಅಂತ ಮ್ಯಾನೇಜ್‌ಮೆಂಟು ಆ ರೂಮಿನ ಅರ್ಧದಲ್ಲಿ ಕಾರ್ಟನ್ ಬಾಕ್ಸು ಇಡುತ್ತಿತ್ತು.

ಮಗ ಹುಟ್ಟಿದ್ದು 2019ರ ಜನವರಿಯಲ್ಲಿ. ಕಾರ್ಮಿಕರ ವಿಮೆ ಇಎಸ್‌ಐ ಇದ್ದದ್ದರಿಂದ ಇಪ್ಪತ್ತಾರು ವಾರ ಸಂಬಳ ಬಂತು. ಹೇಳಲೇಬೇಕು, ಕಾಗದ ಸರಿಯಿದ್ದರೆ ಇಎಸ್‌ಐ ದುಡ್ಡು ಅಕೌಂಟಿಗೆ ಬರುತ್ತದೆ, ಯಾರಿಗೂ ಕೈ ಬೆಚ್ಚಗೆ ಮಾಡಬೇಕಾಗಿಲ್ಲ. ಆಮೇಲೆ ಅಮ್ಮನೇ ಊರಿನಿಂದ ಬಂದು ಇದ್ದರು. ಅಷ್ಟರಲ್ಲಿ ಕೊರೊನಾ. ಅಂಗನವಾಡಿ ಮುಚ್ಚಿದ್ದು 2020ರ ಮಾರ್ಚಿನಲ್ಲಿ, ಮತ್ತೆ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ನವೆಂಬರಿನಲ್ಲಿ. ಆ ಕಾಲದ ಬಗ್ಗೆ ಎಲ್ಲರಿಗೂ ಗೊತ್ತು, ನಾನೇನು ಬರೆಯುವುದು.

ಮಗನಿಗೆ ಮೂರು ತುಂಬಿದಾಗ ಅಮ್ಮನಿಗೆ ಮಂಡಿ ನೋವು ಜಾಸ್ತಿಯಾಗಿ ಊರಿಗೆ ಹೊರಟರು. ಹೊರಡುವ ಮುಂಚೆ ಅವರೇ ಹೇಳಿದ್ದು, ಅಂಗನವಾಡಿಗೆ ಬಿಡು ಅಂತ. ನಮ್ಮ ತಾಲ್ಲೂಕಿನವರಿಗೆ ಅಂಗನವಾಡಿ ಮೇಲೆ ಸ್ವಲ್ಪ ಹಕ್ಕು ಜಾಸ್ತಿ. 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ ಮೊದಲು ಶಿಶು ಅಭಿವೃದ್ಧಿ ಯೋಜನೆ ಶುರುವಾದ ಮೂವತ್ತಮೂರು ಕಡೆಗಳಲ್ಲಿ ತಿ. ನರಸೀಪುರವೂ ಒಂದು, ಕರ್ನಾಟಕದ ಮೊಟ್ಟಮೊದಲ ಅಂಗನವಾಡಿಗಳು ನಮ್ಮ ಕಡೆಯವೇ. ನಮ್ಮ ಚಿಕ್ಕಮ್ಮ ಆ ಕಾಲದಲ್ಲಿ ತಟ್ಟೆ ಹಿಡಿದುಕೊಂಡು ಹೋಗುತ್ತಿದ್ದದ್ದನ್ನು ಅಮ್ಮ ಇವತ್ತಿಗೂ ಹೇಳುತ್ತಾರೆ. ನಮ್ಮೆಜಮಾನರಿಗೆ ಮನಸ್ಸಿರಲಿಲ್ಲ. "ಅವಳು ಇಂಗ್ಲಿಷ್ ಮೀಡಿಯಂ, ಇವನು ಅಂಗನವಾಡಿನಾ?" ಅಂದರು.

ಅಂಗನವಾಡಿಗೆ ಸೇರಿಸಲು ಎಷ್ಟು ಕಾಗದ ಬೇಕಾಯಿತು ಗೊತ್ತಾ? ಮಗುವಿನ ಆಧಾರ್, ನನ್ನ ಆಧಾರ್, ಒಂದು ಫೋನ್ ನಂಬರು. ಟೀಚರ್ ಮೊಬೈಲಿನಲ್ಲಿ ಹಾಕಿಕೊಂಡರು. "ನಾಳೆಯಿಂದ ಕಳಿಸಿ" ಅಂದರು. ಆದಾಯ ಕೇಳಲಿಲ್ಲ, ಜಾತಿ ಪ್ರಮಾಣಪತ್ರ ತೋರಿಸಿ ಅನ್ನಲಿಲ್ಲ, ಲಾಟರಿ ಇಲ್ಲ. ಊರಿನ ವಿಳಾಸವಿದ್ದ ಬಿಹಾರದ ಕಟ್ಟಡ ಕೆಲಸದವರ ಮಗುವೂ ಅದೇ ಚಾಪೆಯ ಮೇಲೆ ಕೂತಿತ್ತು.

ಬಾಡಿಗೆಯ ಒಂದು ಕೋಣೆ, ಹತ್ತಡಿ ಹನ್ನೆರಡಡಿ ಇದ್ದೀತು. ಹೊರಗೆ ಆಡಲು ಜಾಗವಿಲ್ಲ, ರಸ್ತೆಯೇ. ಶೌಚಾಲಯ ಓನರ್ ಮನೆಯವರದ್ದೂ ಇವರದ್ದೂ ಒಂದೇ. ಇದನ್ನೆಲ್ಲ ಮುಚ್ಚಿಟ್ಟು ಹೊಗಳುವುದು ನನಗೆ ಬೇಕಾಗಿಲ್ಲ. ಟೀಚರಿಗೆ ಮಕ್ಕಳಿಗಿಂತ ರಿಜಿಸ್ಟರ್ ಜಾಸ್ತಿ. ಸರ್ವೆ, ಪೋಲಿಯೊ, ಚುನಾವಣೆ ಪಟ್ಟಿ, ಬಾಣಂತಿಯರ ಲೆಕ್ಕ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್. ಎಷ್ಟೋ ದಿನ ಮಕ್ಕಳ ಜೊತೆ ಇರುತ್ತಿದ್ದದ್ದು ಸಹಾಯಕಿ ಅಕ್ಕ ಒಬ್ಬರೇ. ಅವರೇ ಅಡುಗೆ, ಅವರೇ ಪಾಠ, ಅವರೇ ಮೂಗು ಒರೆಸುವವರು.

ಆದರೆ ಅದು ಒಂಬತ್ತೂವರೆಗೆ ತೆರೆದರೆ ನಾಲ್ಕರವರೆಗೆ ಇರುತ್ತಿತ್ತು. ಹಾಲು, ಮಧ್ಯಾಹ್ನ ಬಿಸಿ ಊಟ, ಊಟವಾದ ಮೇಲೆ ಚಾಪೆ ಹಾಸಿ ಮಲಗಿಸುವುದು. ನಾಲ್ಕಕ್ಕೆ ಮಗಳು ಶಾಲೆಯಿಂದ ಬರುವಾಗ ತಮ್ಮನನ್ನು ಕರೆದುಕೊಂಡು ಬರುತ್ತಿದ್ದಳು, ಅಷ್ಟರಲ್ಲಿ ಅವಳೂ ದೊಡ್ಡವಳಾಗಿದ್ದಳು. ಓನರ್ ಆಂಟಿ ಮೇಲಿನಿಂದ ಒಂದು ಕಣ್ಣಿಡುತ್ತಿದ್ದರು. ಎಂಟು ಸಾವಿರದ ಸೀಟು ಕೊಡದ ಮೂರೂವರೆ ಗಂಟೆ ಸಮಯವನ್ನು ಈ ಹತ್ತಡಿ ಕೋಣೆ ನನಗೆ ಕೊಟ್ಟಿತು. ವಠಾರದ ಅಕ್ಕನಿಗೆ ಕೊಡಬೇಕಾದದ್ದು ಉಳಿಯಿತು.

ಅಲ್ಲಿ ಮೊದಲ ವಾರವೇ ಮಗನನ್ನು ತೂಕ ಹಾಕಿದರು, ತೋಳಿಗೆ ಒಂದು ಪಟ್ಟಿ ಸುತ್ತಿ ನೋಡಿದರು. ಪಟ್ಟಿಯಲ್ಲಿ ಹಸಿರು, ಹಳದಿ, ಕೆಂಪು ಅಂತ ಮೂರು ಬಣ್ಣ. ಮಗನ ತೋಳು ನಿಂತದ್ದು ಹಳದಿಯಲ್ಲಿ. ನನಗೆ ಕೈಕಾಲು ತಣ್ಣಗಾಯಿತು. ಸಣ್ಣಗಿದ್ದಾನೆ, ಅಪ್ಪನ ಹಾಗೆ ಅಂತ ನಾವು ಅಂದುಕೊಂಡಿದ್ದೆವು. "ಗಾಬರಿ ಬೇಡಮ್ಮ, ಕೆಂಪಿಗೆ ಹೋಗಿಲ್ಲ" ಅಂದ ಟೀಚರ್, ಸಾರಿಗೆ ಬೇಳೆ ಗಟ್ಟಿ ಹಾಕು, ಟೀ ಬಿಸ್ಕತ್ತು ನಿಲ್ಲಿಸು ಅಂತ ನನಗೂ ಒಂದು ಪಾಠ ಮಾಡಿದರು. ಮಗಳ ಖಾಸಗಿ ಶಾಲೆಯಲ್ಲಿ ಯಾರೂ ಅವಳ ತೋಳು ಅಳೆದದ್ದು ನನಗೆ ನೆನಪಿಲ್ಲ.

ಒಂದು ದಿನ ರಜೆ ಇದ್ದಾಗ ಅಲ್ಲೇ ಕೂತು ಟೀಚರ್ ಜೊತೆ ಲೆಕ್ಕ ಮಾತಾಡಿದೆ. ಮಗುವೊಂದರ ಪೌಷ್ಟಿಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ ಅಂತ 2017ರಲ್ಲಿ ನಿಗದಿ ಮಾಡಿದ್ದು, ಅರ್ಧ ಕೇಂದ್ರದ್ದು ಅರ್ಧ ರಾಜ್ಯದ್ದು. ತೀವ್ರ ಅಪೌಷ್ಟಿಕತೆ ಇದ್ದರೆ 12. ನನ್ನ ಮಗ ಹಳದಿಯಾದ್ದರಿಂದ ಎಂಟರಲ್ಲೇ ಇದ್ದ. ಬೀದಿಯ ಅಂಗಡಿಯಲ್ಲಿ ಒಂದು ಮೊಟ್ಟೆಗೆ ಆರು ರೂಪಾಯಿ ಇತ್ತು ಆಗ. ಮೊಟ್ಟೆಗೂ ಹಾಲಿಗೂ ರಾಜ್ಯ ಸರ್ಕಾರ ಬೇರೆ ದುಡ್ಡು ಕೊಡುತ್ತದೆ, ಹಾಗಾಗಿ ವಾರಕ್ಕೆ ಎರಡು ಮೊಟ್ಟೆ, 2013ರಿಂದ ಕ್ಷೀರಭಾಗ್ಯದ ಹಾಲು. ಇಲ್ಲದಿದ್ದರೆ ಎಂಟು ರೂಪಾಯಿಯಲ್ಲಿ ಏನಾಗುತ್ತದೆ? ಮೊಟ್ಟೆ ರೇಟು ಏರಿದ ತಿಂಗಳು ಟೀಚರ್ ತಮ್ಮ ಕೈಯಿಂದ ಹಾಕಿ, ಬಿಲ್ಲು ಪಾಸಾಗುವವರೆಗೆ ಕಾಯುತ್ತಿದ್ದರು. ಕೆಲವು ತಿಂಗಳಲ್ಲಿ ಮಗನ ತೋಳು ಹಸಿರಿಗೆ ಬಂತು.

2023ರಲ್ಲಿ ಮಗನಿಗೆ ಎಲ್‌ಕೆಜಿ ವಯಸ್ಸು. ನಮ್ಮೆಜಮಾನರ ಒತ್ತಾಯಕ್ಕೆ ಮತ್ತೆ ಅದೇ ಸೈಬರ್ ಸೆಂಟರಿಗೆ ಹೋದೆವು. ಈ ಸಲ ಎಲ್ಲ ದಾಖಲೆ ಪಕ್ಕಾ, ಕವರಿನಲ್ಲಿ ಒಂದರ ಹಿಂದೆ ಒಂದು ಜೋಡಿಸಿಟ್ಟಿದ್ದೆ. ಹುಡುಗ ವಾರ್ಡು ಹಾಕಿದ. ಮಗಳಿಗೆ ಸೀಟು ಸಿಕ್ಕ ಶಾಲೆಯೂ ಪಟ್ಟಿಯಲ್ಲಿಲ್ಲ, ಪಕ್ಕದ್ದೂ ಇಲ್ಲ. ಅಂಗಡಿಯೂ ಖಾಲಿ, ಆರ್‌ಟಿಇಗೆ ಅಂತ ಬಂದವರು ನಾವೇ.

"2019ರಿಂದ ಹಿಂಗೇ ಅಕ್ಕ. ಸರ್ಕಾರಿ ಶಾಲೆ, ಅನುದಾನಿತ ಶಾಲೆ ಇರೋ ವಾರ್ಡಲ್ಲಿ ಪ್ರೈವೇಟ್‌ಗೆ ಕೊಡಲ್ಲ" ಅಂದ. ನಿಯಮ ತಿದ್ದಿದ್ದು 2019ರ ಪ್ರವೇಶಕ್ಕೆ ಮುಂಚೆ. ಪೋಷಕರು ಕೋರ್ಟಿಗೆ ಹೋದರು, 2019ರಲ್ಲಿ ಹೈಕೋರ್ಟು ಸರ್ಕಾರದ ಮಾತನ್ನೇ ಎತ್ತಿ ಹಿಡಿಯಿತು. ಮಗಳು ಸೇರಿದ ವರ್ಷ ಒಂದು ಲಕ್ಷ ದಾಟಿದ್ದ ಸೀಟು ಮರುವರ್ಷವೇ ಕರಗಿಹೋಯಿತು. ಇಪ್ಪತ್ತೈದರ ನಿಯಮ ಈಗಲೂ ಇದೆ, ಆದರೆ ಸರ್ಕಾರಿ ಶಾಲೆಯೇ ಇಲ್ಲದ ಜಾಗ ಕರ್ನಾಟಕದಲ್ಲಿ ಎಷ್ಟಿದ್ದೀತು?

ಇದು ಸರಿಯೋ ತಪ್ಪೋ ಅಂತ ಫ್ಯಾಕ್ಟರಿಯಲ್ಲಿ ಜಗಳಗಳೇ ಆಗಿವೆ. ಸರ್ಕಾರಿ ಶಾಲೆ ಮಕ್ಕಳಿಲ್ಲದೆ ಮುಚ್ಚುತ್ತಿರುವಾಗ ನೂರಾರು ಕೋಟಿ ಖಾಸಗಿಯವರಿಗೆ ಯಾಕೆ ಕೊಡಬೇಕು ಅನ್ನುವ ಮಾತನ್ನು ನಾನು ಒಪ್ಪುತ್ತೇನೆ. ಮಗಳ ಮೂಲಕ ಆ ದುಡ್ಡು ಪಡೆದವಳೇ ಹೀಗೆ ಹೇಳುವುದಾ ಅಂತ ಒಬ್ಬಳು ಮುಖಕ್ಕೆ ಹೊಡೆದ ಹಾಗೆ ಕೇಳಿದ್ದಾಳೆ. ಹೌದು, ಹೇಳುತ್ತೇನೆ. ಆದರೆ ಸೀಟು ನಿಲ್ಲಿಸಿದಾಗ ಉಳಿದ ದುಡ್ಡು ನಮ್ಮ ವಾರ್ಡಿನ ಅಂಗನವಾಡಿಗೆ ಬಂದು ಒಂದು ಸ್ವಂತ ಕಟ್ಟಡವೋ ಇನ್ನೊಬ್ಬ ಸಹಾಯಕಿಯೋ ಆಗಿದ್ದರೆ ನನ್ನ ಒಪ್ಪಿಗೆ ಪೂರ್ತಿ ಇರುತ್ತಿತ್ತು. ಅದೇ ಬಾಡಿಗೆ ಕೋಣೆ, ಅದೇ ಎಂಟು ರೂಪಾಯಿ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ಶುರು ಮಾಡಿದ್ದೂ ನಿಜ, ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಮೊದಲು. ನಮಗೆ ಅದು ಎರಡು ಬಸ್ಸಿನ ದೂರ. ಮಕ್ಕಳೆಲ್ಲ ಅಲ್ಲಿಗೆ ಹೋದರೆ ನಮ್ಮ ಗತಿ ಏನು ಅಂತ ಅಂಗನವಾಡಿ ಟೀಚರುಗಳು ಬೀದಿಗಿಳಿದರು. ಆಮೇಲೆ 2024ರಲ್ಲಿ ಕೆಲವು ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ಅಂತ ಬಂತು, ಅಷ್ಟರಲ್ಲಿ ಮಗ ಒಂದನೇ ತರಗತಿಯ ಬಾಗಿಲಲ್ಲಿದ್ದ. ಅಂಗನವಾಡಿಯಿಂದ ನೇರ ಸರ್ಕಾರಿ ಶಾಲೆಗೆ ಹೋದ. ಆರಾಮಾಗಿದ್ದಾನೆ.

ಊರಲ್ಲಿ ನನ್ನ ತಮ್ಮನ ಹೆಂಡತಿ ನರೇಗಾ ಕೆಲಸಕ್ಕೆ ಹೋಗುತ್ತಾಳೆ. ಅವಳ ಕೂಸನ್ನು ಪಂಚಾಯಿತಿಯ ಕೂಸಿನ ಮನೆಯಲ್ಲಿ ಬಿಡುತ್ತಾಳೆ. 2023-24ರ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಪಂಚಾಯಿತಿಗೆ ಅಂತ ಹೇಳಿದ್ದರಲ್ಲ, ಅದು. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ನೋಡಿಕೊಳ್ಳಲು ಇಟ್ಟಿದ್ದಾರೆ. ಅಂಗನವಾಡಿಯ ಚಾಪೆಗೆ ಬರಲು ಮೂರು ತುಂಬಬೇಕು, ಇಲ್ಲಿ ಆರು ತಿಂಗಳ ಕೂಸಿಗೂ ಜಾಗ ಇದೆ. "ಅತ್ತಿಗೆ, ನೀವೂ ಆಗ ಇಲ್ಲೇ ಇದ್ದಿದ್ರೆ" ಅಂದಳು ಹೋದ ಸಲ. ಪೀಣ್ಯದಲ್ಲಿ ಅಂಥದ್ದೊಂದು ಇದ್ದರೆ ನನ್ನ ಮಗಳು ನಾಲ್ಕು ವರ್ಷ ಅಜ್ಜಿ ಮನೆಯಲ್ಲಿ ಬೆಳೆಯುತ್ತಿರಲಿಲ್ಲ.

ಲೈನಿನ ಹುಡುಗಿಯರಿಗೆ ಈಗ ನಾನು ಹೇಳುವುದು ಇಷ್ಟು. ಮಗು ಹುಟ್ಟಿದ ವರ್ಷವೇ ಜನನ ಪತ್ರದಲ್ಲಿ ಹೆಸರು ಸೇರಿಸಿ. ವಿಳಾಸ ಎಲ್ಲಿರುತ್ತೀರೋ ಅಲ್ಲಿಗೆ ಮಾಡಿಸಿ. ಆರ್‌ಟಿಇಗೆ ಅರ್ಜಿ ಹಾಕುವ ಮುಂಚೆ ನಿಮ್ಮ ವಾರ್ಡಿನ ಪಟ್ಟಿಯಲ್ಲಿ ಶಾಲೆ ಇದೆಯಾ ನೋಡಿಸಿ, ಇಲ್ಲದಿದ್ದರೆ ಸುಮ್ಮನೆ ಸಂಬಳ ಕಳೆದುಕೊಳ್ಳಬೇಡಿ. ಮೂರು ತುಂಬಿದ ಮಗುವನ್ನು ಮೊದಲು ಅಂಗನವಾಡಿಗೆ ಬಿಡಿ, ಮಿಕ್ಕಿದ್ದು ಆಮೇಲೆ. ಇಂಗ್ಲಿಷು ಎಲ್ಲಿಗೂ ಓಡಿಹೋಗುವುದಿಲ್ಲ.

ಮಗಳ ಸೀಟು ಎಂಟನೇ ತರಗತಿಯವರೆಗೆ ಮಾತ್ರ. ಕಾಯ್ದೆ ಹದಿನಾಲ್ಕು ವರ್ಷಕ್ಕೆ ನಿಲ್ಲುತ್ತದೆ, ಒಂಬತ್ತನೇ ತರಗತಿಯ ಫೀಸು ನಾವೇ ಕಟ್ಟಬೇಕು. ಶಾಲೆಯವರು ಈಗಲೇ ಎಷ್ಟು ಅಂತ ಹೇಳಿದ್ದಾರೆ. ಸರ್ಕಾರಿ ಪ್ರೌಢಶಾಲೆಗೆ ಹಾಕೋಣ ಅಂತ ನಾನು, ಫ್ರೆಂಡ್ಸನ್ನ ಬಿಟ್ಟು ಹೋಗಲ್ಲ ಅಂತ ಅವಳು, ಚೀಟಿ ಹಾಕಿದ್ದೀನಲ್ಲ ನೋಡೋಣ ಇರು ಅಂತ ಅವರಪ್ಪ.